ಮೀನು ಮೂಕ ಪ್ರಾಣಿಯಲ್ಲ

(ಆಳಂದ ತಾಲ್ಲೂಕಿನ ಖಜೂರಿಯಲ್ಲಿ ಕೃಷಿಹೊಂಡ ಹೊಂದಿರುವ ರೈತರಿಗಾಗಿ ನೀಡಿದ ಉಪನ್ಯಾಸ)



ಒಕ್ಕಲುತನ ಮಾಡುವವನಿಗೆ ಕಣ್ಣಿನಷ್ಟೇ ಕಿವಿಯೂ ಮುಖ್ಯ. ಕೊಟ್ಟಿಗೆಯಲ್ಲಿ ಕರು ಹಸಿದು ಕೂಗುತ್ತಿದೆಯೋ, ಆಕಳು ಬೆದೆಗೆ ಬಂದು ಕೂಗುತ್ತಿದೆಯೋ ಎಂಬುದನ್ನು ಮನೆಯೊಳಗೆ ಕುಳಿತೇ ಆತನು ಹೇಳಬಲ್ಲನು. ಕೋಳಿ ಮೊಟ್ಟೆಯಿಟ್ಟು ಕೂಗುವ ಬಗೆ ಬೇರೆ, ಹಾವು ಕಂಡು ಕೂಗುವ ಬಗೆ ಬೇರೆ. ಪಂಪ್‌ಸೆಟ್ಟಿನ ಸದ್ದು ಸ್ವಲ್ಪ ಬದಲಾದರೂ ಬಾವಿಯಲ್ಲಿ ನೀರು ಇಳಿದಿದೆಯೆಂದು ತಿಳಿಯುತ್ತದೆ. ಇಷ್ಟು ಸೂಕ್ಷ್ಮ ಕಿವಿಯುಳ್ಳ ರೈತನು ತನ್ನ ಹೊಂಡದಲ್ಲಿ ಮೀನು ಬಿಟ್ಟಾಗ ಮಾತ್ರ ಕಿವಿಯ ಉಪಯೋಗವನ್ನೇ ಮರೆಯುತ್ತಾನೆ. ಮೀನು ಮೂಕ ಪ್ರಾಣಿ, ಅದಕ್ಕೆ ಬಾಯಿಯೂ ಇಲ್ಲ, ಕಿವಿಯೂ ಇಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆ ತಪ್ಪು. ಇದರಿಂದ ಹಾನಿಯೂ ಉಂಟು.

ಖಜೂರಿಯು ಮಹಾರಾಷ್ಟ್ರದ ಗಡಿಗೆ ಹತ್ತಿರದ, ಕಪ್ಪು ಭೂಮಿಯ ಊರು. ತೊಗರಿ, ಕಡಲೆ, ಜೋಳ ಇಲ್ಲಿಯ ಮುಖ್ಯ ಬೆಳೆಗಳು. ಈ ತಾಲ್ಲೂಕಿನ ನದಿಯಾದ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಅಫಜಲಪುರ, ಜೇವರ್ಗಿಯ ಕಡೆ ಭೀಮಾ ದಂಡೆಯವರಿಗೆ ಮೀನು ಹೊಸದಲ್ಲ. ಆದರೆ ಆಳಂದದ ಮಳೆಯಾಶ್ರಿತ ರೈತರಿಗೆ ಮೀನು ಸಾಕಣೆ ಹೊಸ ಕಸುಬು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣ ಬೇಸಾಯದ ಪ್ರದೇಶಗಳಲ್ಲಿ ಕೃಷಿಹೊಂಡಗಳು ಹೆಚ್ಚಾದವು. ಬೆಳೆಗೆ ನೀರುಣಿಸಲು ತೋಡಿದ ಹೊಂಡದಲ್ಲಿ ಆರೇಳು ತಿಂಗಳು ನೀರು ನಿಂತರೆ ಮೀನನ್ನೂ ಬೆಳೆಯಬಹುದು. ಆದುದರಿಂದ ಮೀನಿನ ಧ್ವನಿ ಮತ್ತು ಶ್ರವಣದ ವಿಷಯ ಪಂಡಿತರಿಗಷ್ಟೇ ಬಿಟ್ಟದ್ದಲ್ಲ. ಹೊಂಡದ ದಂಡೆಯ ಮೇಲೆ ನಿಲ್ಲುವವನಿಗೂ ಬೇಕಾದದ್ದು.

ನೀರಿನ ಸದ್ದು ನಮಗೇಕೆ ಕೇಳಿಸದು?

ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ನೀರಿನಲ್ಲಿ ಅದರ ವೇಗ ಸುಮಾರು 1,500 ಮೀಟರ್, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ನೀರಿನಲ್ಲಿ ಬೆಳಕು ಬೇಗ ಕುಂದುತ್ತದೆ. ಮಳೆಗಾಲದಲ್ಲಿ ಕಪ್ಪು ಮಣ್ಣಿನ ರಾಡಿ ಕೂಡಿದ ನೀರಿನಲ್ಲಂತೂ ಒಂದು ಗೇಣು ಆಳವೂ ಕಾಣಿಸುವುದಿಲ್ಲ. ಅಂಥ ನೀರಿನಲ್ಲಿ ಬಾಳುವ ಜೀವಿಗೆ ಕಣ್ಣಿಗಿಂತ ಕಿವಿಯೇ ಹೆಚ್ಚು ನೆರವಾಗುವುದು ಸಹಜ.

ಹಾಗಿದ್ದರೂ ಆ ಸದ್ದು ದಂಡೆಯ ಮೇಲೆ ನಿಂತವರಿಗೆ ಕೇಳಿಸುವುದಿಲ್ಲ. ನೀರಿನೊಳಗಿನಿಂದ ಮೇಲಕ್ಕೆ ಬರುವ ಧ್ವನಿಯ ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಮತ್ತೆ ಒಳಕ್ಕೇ ಹಿಂದಿರುಗುತ್ತದೆ. ಗಾಳಿಗೆ ದಾಟುವ ಪಾಲು ಸಾವಿರದಲ್ಲಿ ಒಂದರಷ್ಟು ಮಾತ್ರ. ಕದ ಮುಚ್ಚಿದ ಮನೆಯೊಳಗೆ ಮಾತು ನಡೆದರೆ ಬೀದಿಯಲ್ಲಿ ಹೋಗುವವನು ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದಂತೆ, ಮನುಷ್ಯನು ಮೀನನ್ನು ಮೂಕವೆಂದು ತಿಳಿದನು.

ಎಲ್ಲರೂ ಹೀಗೆ ತಿಳಿದಿದ್ದರೆಂದಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲನು ಕೆಲವು ಮೀನುಗಳು ಸದ್ದು ಮಾಡುತ್ತವೆಂದು ಬರೆದಿಟ್ಟಿದ್ದಾನೆ. ಮಲೇಷ್ಯಾದ ಕರಾವಳಿಯಲ್ಲಿ ನೀರಿಗಿಳಿದು ತಲೆ ಮುಳುಗಿಸಿ, ಮೀನಿನ ಹಿಂಡು ಯಾವ ದಿಕ್ಕಿನಲ್ಲಿದೆ ಎಂದು ಕಿವಿಯಿಂದಲೇ ಗುರುತಿಸಿ ಬಲೆ ಬಿಡಿಸುವ ನುರಿತ ಬೆಸ್ತರಿದ್ದರು. 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ, ಅಮೆರಿಕೆಯ ನೌಕಾಪಡೆಯವರು ಶತ್ರುಗಳ ಜಲಾಂತರ್ಗಾಮಿಗಳ ಸದ್ದು ಹಿಡಿಯಲು ಚೆಸಾಪೀಕ್ ಕೊಲ್ಲಿಯ ನೀರಿನಲ್ಲಿ ಧ್ವನಿಗ್ರಾಹಕ ಯಂತ್ರಗಳನ್ನು ಇಳಿಸಿದ್ದರು. ಆ ಯಂತ್ರಗಳಲ್ಲಿ ಭಾರಿ ಗದ್ದಲ ಕೇಳಿಸಿತು. ಅದು ಹಡಗಿನದಲ್ಲ, ಮೀನಿನ ಹಿಂಡಿನದೆಂದು ಆಮೇಲೆ ತಿಳಿಯಿತು. ಯುದ್ಧದ ನಂತರ ಮೇರಿ ಪೋಲಂಡ್ ಫಿಶ್ ಎಂಬ ಮಹಿಳಾ ವಿಜ್ಞಾನಿ ನೌಕಾಪಡೆಗಾಗಿ ಅನೇಕ ವರ್ಷ ಈ ಧ್ವನಿಗಳನ್ನು ಅಭ್ಯಸಿಸಿ, 1970ರಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ 150ಕ್ಕೂ ಹೆಚ್ಚು ಜಾತಿಗಳ ಧ್ವನಿಯನ್ನು ಕುರಿತು ಗ್ರಂಥ ಪ್ರಕಟಿಸಿದರು. 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಪಟ್ಟಿಯಲ್ಲಿ ಸದ್ದು ಮಾಡುವುದು ದಾಖಲಾದ ಜಾತಿಗಳ ಸಂಖ್ಯೆ 989. ಅದೇ ವರ್ಷ ಹೊರಬಂದ ಇನ್ನೊಂದು ಅಧ್ಯಯನವು, ಮೀನುಗಳಲ್ಲಿ ಧ್ವನಿ ಮಾಡುವ ಗುಣ ಕಡಿಮೆಯೆಂದರೂ 33 ಸಲ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ ಎಂದು ತೋರಿಸಿತು.

ಮೀನು ಸದ್ದು ಮಾಡುವ ಬಗೆ

ಮೀನಿಗೆ ನಮ್ಮಂತೆ ಗಂಟಲಿನ ಧ್ವನಿಪೆಟ್ಟಿಗೆ ಇಲ್ಲ. ಅದು ಮುಖ್ಯವಾಗಿ ಎರಡು ರೀತಿಯಲ್ಲಿ ಸದ್ದು ಮಾಡುತ್ತದೆ: ತಿಕ್ಕುವುದು ಮತ್ತು ಬಡಿಯುವುದು.

ತಿಕ್ಕಿ ಸದ್ದು ಮಾಡುವ ಮೀನುಗಳು ನಮ್ಮಲ್ಲಿಯೇ ಇವೆ. ಭೀಮಾ ನದಿಯಲ್ಲಿಯೂ ಕೆರೆಗಳಲ್ಲಿಯೂ ಸಿಗುವ, ಕೆಲವೆಡೆ ಗಿರ್ಲು ಎನ್ನುವ ಮೀಸೆಯುಳ್ಳ ಮೀನುಗಳು ಈ ಗುಂಪಿನವು. ಇಂಥ ಮೀನನ್ನು ಬಲೆಯಿಂದ ಬಿಡಿಸುವಾಗ ಕೈಯಲ್ಲಿ ಕಿರ್ ಕಿರ್ ಎಂಬ ಸದ್ದು ಬರುವುದುಂಟು. ಅದರ ಎರಡೂ ಪಕ್ಕದ ಈಜುರೆಕ್ಕೆಗಳ ಮುಂಭಾಗದಲ್ಲಿ ಗಟ್ಟಿಯಾದ ಒಂದೊಂದು ಮುಳ್ಳು ಇರುತ್ತದೆ. ಆ ಮುಳ್ಳಿನ ಬುಡದಲ್ಲಿ ಸಣ್ಣ ಸಣ್ಣ ಗೀರುಗಳಿವೆ. ಮುಳ್ಳನ್ನು ಅಲ್ಲಾಡಿಸಿದಾಗ ಈ ಗೀರುಗಳು ಭುಜದ ಎಲುಬಿನ ಕುಳಿಗೆ ಉಜ್ಜಿ, ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದಂತೆ ಸದ್ದಾಗುತ್ತದೆ. ಮಿಡತೆಯು ಕಾಲನ್ನು ರೆಕ್ಕೆಗೆ ತಿಕ್ಕಿ ಸದ್ದು ಮಾಡುವುದೂ ಇದೇ ಕ್ರಮದಲ್ಲಿ.

ಈ ಸದ್ದು ಕೇಳಿದ ಕೂಡಲೆ ಕೈಯನ್ನು ಜೋಪಾನ ಮಾಡಿಕೊಳ್ಳಬೇಕು. ಮೀನು ಹೆದರಿದೆ, ಮುಳ್ಳನ್ನು ಹೊರಕ್ಕೆ ಚಾಚುತ್ತಿದೆ ಎಂಬುದೇ ಅದರ ಅರ್ಥ. ಚಾಚಿದ ಮುಳ್ಳು ಕೀಲು ಹಾಕಿದಂತೆ ಬಿಗಿಯಾಗಿ ನಿಲ್ಲುತ್ತದೆ. ಚೇಳು ಮೀನಿನ ಮುಳ್ಳಿನಲ್ಲಿ ವಿಷವೂ ಉಂಟು. ಚುಚ್ಚಿದರೆ ಗಾಯವನ್ನು ತೊಳೆದು, ಸಹಿಸಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಇಟ್ಟುಕೊಂಡರೆ ನೋವು ಇಳಿಯುತ್ತದೆ. ಚರ್ಮ ಸುಡುವಷ್ಟು ಬಿಸಿ ಇರಬಾರದು. ಬಳಿಕ ವೈದ್ಯರಿಗೆ ತೋರಿಸತಕ್ಕದ್ದು.

ಎರಡನೆಯದು ಬಡಿಯುವ ಬಗೆ. ಬಹಳಷ್ಟು ಮೀನುಗಳ ಹೊಟ್ಟೆಯೊಳಗೆ ಬೆನ್ನೆಲುಬಿನ ಕೆಳಗೆ ಗಾಳಿ ತುಂಬಿದ ಒಂದು ಚೀಲವಿರುತ್ತದೆ. ಮೀನು ಸೀಳುವವರೆಲ್ಲರೂ ಈ ಬೆಳ್ಳನೆಯ ಗಾಳಿಚೀಲವನ್ನು ನೋಡಿರುತ್ತಾರೆ. ಮೀನು ಮುಳುಗದೆ, ತೇಲದೆ, ಬೇಕಾದ ಆಳದಲ್ಲಿ ನಿಲ್ಲುವಂತೆ ಮಾಡುವುದು ಇದರ ಮೊದಲ ಕೆಲಸ. ಕೆಲವು ಜಾತಿಗಳಲ್ಲಿ ಇದೇ ಡೊಳ್ಳಿನ ಕೆಲಸವನ್ನೂ ಮಾಡುತ್ತದೆ. ಚೀಲಕ್ಕೆ ಹೊಂದಿಕೊಂಡ ಮಾಂಸಖಂಡಗಳು ಅತಿ ಬೇಗ ಕುಗ್ಗಿ ಹಿಗ್ಗಿದಾಗ ಚೀಲವು ಅದುರಿ ಸದ್ದು ಹೊರಡುತ್ತದೆ. ಅಮೆರಿಕೆಯ ಕಡಲಂಚಿನ ಟೋಡ್‌ಫಿಶ್ ಎಂಬ ಮೀನಿನಲ್ಲಿ ಈ ಮಾಂಸಖಂಡ ಸೆಕೆಂಡಿಗೆ ಸುಮಾರು 200 ಸಲ ಕುಗ್ಗಬಲ್ಲದು. ಎಂಥ ಹಲಗಿ ಬಾರಿಸುವವನ ಕೈಗೂ ಇಷ್ಟು ವೇಗ ಬಾರದು.

ನಮ್ಮ ಅರಬ್ಬಿ ಸಮುದ್ರದ ಘೋಲ್ ಮೀನು ಈ ಬಡಿಯುವ ಕುಲಕ್ಕೆ ಸೇರಿದ್ದು. ಈ ಕುಲಕ್ಕೆ ಇಂಗ್ಲಿಷಿನಲ್ಲಿ ಕ್ರೋಕರ್, ಅಂದರೆ ವಟಗುಟ್ಟುವ ಮೀನು, ಎಂದೇ ಹೆಸರು. 2023ರಲ್ಲಿ ಗುಜರಾತ್ ಸರಕಾರವು ಘೋಲನ್ನು ತನ್ನ ರಾಜ್ಯ ಮೀನೆಂದು ಘೋಷಿಸಿತು. ಇದರ ಒಣಗಿಸಿದ ಗಾಳಿಚೀಲಕ್ಕೆ ಪರದೇಶಗಳಲ್ಲಿ ಮಾಂಸಕ್ಕಿಂತ ಹೆಚ್ಚು ಬೆಲೆಯುಂಟು.

ಗಾತ್ರಕ್ಕೂ ಸದ್ದಿಗೂ ಸಂಬಂಧವಿಲ್ಲ. ನೆರೆಯ ಮ್ಯಾನ್ಮಾರಿನ ಹಳ್ಳಗಳಲ್ಲಿ ವಾಸಿಸುವ ಡೇನಿಯೊನೆಲ್ಲ ಎಂಬ ಮೀನಿನ ಉದ್ದ ಸುಮಾರು 12 ಮಿಲಿಮೀಟರ್ ಮಾತ್ರ. ಮೈಯೆಲ್ಲ ಗಾಜಿನಂತೆ ಪಾರದರ್ಶಕ. ಅದು ಒಂದು ಮೃದು ಎಲುಬಿನಿಂದ ತನ್ನ ಗಾಳಿಚೀಲಕ್ಕೆ ಹೊಡೆದು, ತನ್ನ ಮೈಯಷ್ಟು ದೂರದಲ್ಲಿ ಅಳೆದರೆ 140 ಡೆಸಿಬಲ್‌ಗೂ ಹೆಚ್ಚಿನ ಸದ್ದು ಮಾಡುತ್ತದೆಂದು 2024ರಲ್ಲಿ ಪ್ರಕಟವಾಯಿತು. ನೀರಿನ ಡೆಸಿಬಲ್ಲನ್ನು ಗಾಳಿಯ ಡೆಸಿಬಲ್ಲಿಗೆ ನೇರವಾಗಿ ಹೋಲಿಸಲು ಬರುವುದಿಲ್ಲ. ಆದರೂ ಕಡಲೆ ಕಾಳಿನಷ್ಟು ಉದ್ದದ ಜೀವಿಗೆ ಇದು ದೊಡ್ಡ ಸದ್ದೇ ಸರಿ.

ಇವೆರಡರ ಹೊರತು ಬೇರೆ ಉಪಾಯಗಳೂ ಇವೆ. ಕ್ಲೌನ್ ಮೀನು ದವಡೆಗಳನ್ನು ಥಟ್ಟನೆ ಮುಚ್ಚಿ ಹಲ್ಲಿಗೆ ಹಲ್ಲು ತಾಗಿಸಿ ಸದ್ದು ಮಾಡುತ್ತದೆ. ಹೆರಿಂಗ್ ಎಂಬ ಶೀತ ಸಮುದ್ರದ ಮೀನು ರಾತ್ರಿ ಹಿಂಡಿನಲ್ಲಿರುವಾಗ ಗುದದ್ವಾರದಿಂದ ಗಾಳಿಯ ಗುಳ್ಳೆಗಳನ್ನು ಬಿಟ್ಟು ಸದ್ದು ಮಾಡುವುದನ್ನು 2003ರಲ್ಲಿ ವರದಿ ಮಾಡಲಾಯಿತು. ಕತ್ತಲೆಯಲ್ಲಿ ಹಿಂಡು ಚದುರದಿರಲು ಇದು ನೆರವಾಗಬಹುದೆಂದು ಊಹಿಸಲಾಗಿದೆ. ನಗೆಯ ಮಾತಾದರೂ ಸುಳ್ಳಲ್ಲ.

ಏತಕ್ಕಾಗಿ ಕೂಗುತ್ತವೆ?

ದನಕರುಗಳು ಕೂಗುವ ಕಾರಣಗಳೇ ಮೀನಿಗೂ ಉಂಟು: ಹೆದರಿಕೆ, ಜಗಳ, ಜೋಡಿ ಕೂಡುವ ಹಂಬಲ ಮತ್ತು ಗುಂಪಿನಲ್ಲಿರುವ ಬಯಕೆ. ಹಿಡಿದಾಗ ಕಿರುಗುಟ್ಟುವುದು ಹೆದರಿಕೆಯ ಸದ್ದು. ತನ್ನ ಜಾಗಕ್ಕೆ ಇನ್ನೊಂದು ಮೀನು ಬಂದಾಗ ಗದರಿಸುವುದು ಜಗಳದ ಸದ್ದು. ಆದರೆ ಹೆಚ್ಚಿನ ಕೂಗು ಕೇಳಿಬರುವುದು ಸಂತಾನದ ಕಾಲದಲ್ಲಿಯೇ.

ಅಮೆರಿಕೆಯ ಪಶ್ಚಿಮ ತೀರದಲ್ಲಿ ಮಿಡ್‌ಶಿಪ್‌ಮನ್ ಎಂಬ ಮೀನಿದೆ. ಗಂಡು ಮೀನು ಕಲ್ಲಿನ ಕೆಳಗೆ ಗೂಡು ಮಾಡಿಕೊಂಡು, ಹೆಣ್ಣನ್ನು ಕರೆಯಲು ರಾತ್ರಿಯೆಲ್ಲ ಒಂದೇ ಸಮನೆ ಗುಂಯ್‌ಗುಡುತ್ತದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಸಲಿಟೊ ಎಂಬಲ್ಲಿ ದೋಣಿಮನೆಗಳಲ್ಲಿ ವಾಸಿಸುತ್ತಿದ್ದವರು ಈ ಸದ್ದಿನಿಂದ ನಿದ್ದೆಗೆಟ್ಟು, ಯಾವುದೋ ಯಂತ್ರದ ಸದ್ದೆಂದು ಸಂಶಯಪಟ್ಟಿದ್ದರು.

ನಮ್ಮ ಕೆರೆಹೊಂಡಗಳಲ್ಲಿಯೂ ಇಂಥ ಗಂಡು ಉಂಟು. 1952ರಲ್ಲಿ ಭಾರತಕ್ಕೆ ತರಲಾದ ಮೊಜಾಂಬಿಕ್ ತಿಲಾಪಿಯ ಎಂಬ ಮೀನು ಈಗ ಬಹುತೇಕ ಕೆರೆಗಳಲ್ಲಿ ಹಬ್ಬಿಕೊಂಡಿದೆ. ಇದರ ಗಂಡು ಹೊಂಡದ ಅಂಚಿನ ಕಡಿಮೆ ನೀರಿನಲ್ಲಿ ತಟ್ಟೆಯಾಕಾರದ ಗುಣಿ ತೋಡಿ, ಹೆಣ್ಣು ಬಂದಾಗ ತಗ್ಗು ದನಿಯಲ್ಲಿ ಸದ್ದು ಮಾಡುತ್ತದೆ. ಆ ಸದ್ದು ದಂಡೆಗೆ ಕೇಳಿಸದು, ಆದರೆ ಗುಣಿಗಳು ಕಣ್ಣಿಗೆ ಬೀಳುತ್ತವೆ. ಅಂಚಿನಲ್ಲಿ ಇಂಥ ಗುಣಿಗಳು ಕಂಡರೆ ಹೊಂಡದಲ್ಲಿ ತಿಲಾಪಿಯ ಮರಿ ಹಾಕುತ್ತಿದೆ ಎಂದು ತಿಳಿಯಬೇಕು. ಇದು ಸಣ್ಣ ವಯಸ್ಸಿಗೇ ಸಂತಾನಕ್ಕೆ ತೊಡಗಿ ಹೊಂಡ ತುಂಬಿಕೊಂಡು, ಸಾಕಿದ ಮೀನಿನ ಆಹಾರಕ್ಕೆ ಪಾಲುದಾರನಾಗುತ್ತದೆ. ನೀರು ಬತ್ತಿದಾಗ ಹೊಂಡವನ್ನು ಪೂರ್ತಿ ಒಣಗಿಸಿ ಇದನ್ನು ನಿವಾರಿಸಬೇಕು.

ಮೀನಿನ ಕಿವಿ

ಹೊಂಡದಲ್ಲಿ ಬಿಡುವ ಕಟ್ಲ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳು ಹೆಚ್ಚು ಕೂಗುವ ಮೀನುಗಳೆಂದು ಹೆಸರಾದವಲ್ಲ. ಗಂಟಲಿನಲ್ಲಿರುವ ಹಲ್ಲುಗಳಿಂದ ಆಹಾರ ಅರೆಯುವಾಗ ಇವುಗಳಿಂದ ಸದ್ದು ಹೊರಡುತ್ತದೆ. ಆದರೆ ಕೇಳುವುದರಲ್ಲಿ ಗೆಂಡೆ ಜಾತಿಯದು ಮೇಲುಗೈ. ರೈತನಿಗೆ ಮುಖ್ಯವಾದ ವಿಷಯ ಇದೇ.

ಮೀನಿಗೆ ಹೊರಗಿವಿ ಇಲ್ಲ, ಒಳಗಿವಿ ಇದೆ. ಅದರೊಳಗೆ ಸುಣ್ಣದಂಶದ ಪುಟ್ಟ ಕಲ್ಲುಗಳಿವೆ. ನೀರಿನಲ್ಲಿ ಬಂದ ಧ್ವನಿಗೆ ಮೀನಿನ ಮೈ ನೀರಿನೊಡನೆಯೇ ಅಲುಗುತ್ತದೆ. ಭಾರವಾದ ಕಲ್ಲು ಸ್ವಲ್ಪ ಹಿಂದೆ ಬೀಳುತ್ತದೆ. ಈ ವ್ಯತ್ಯಾಸವೇ ನರಗಳಿಗೆ ಸದ್ದಾಗಿ ತಿಳಿಯುತ್ತದೆ. ಗೆಂಡೆ ಮತ್ತು ಮೀಸೆ ಮೀನಿನ ಗುಂಪಿಗೆ ಇದಲ್ಲದೆ ಇನ್ನೊಂದು ಅನುಕೂಲವಿದೆ. ಗಾಳಿಚೀಲದಿಂದ ಒಳಗಿವಿಯವರೆಗೆ ಪುಟ್ಟ ಎಲುಬುಗಳ ಸರಪಳಿಯೊಂದು ಹಬ್ಬಿದೆ. ಚೀಲವು ತಮಟೆಯ ಚರ್ಮದಂತೆ ಸದ್ದಿಗೆ ಅದುರಿದರೆ, ಆ ಅದುರು ಎಲುಬಿನಿಂದ ಎಲುಬಿಗೆ ಸಾಗಿ ಕಿವಿಗೆ ಮುಟ್ಟುತ್ತದೆ. ಜರ್ಮನಿಯ ಅರ್ನ್ಸ್ಟ್ ವೇಬರ್ ಎಂಬ ವಿದ್ವಾಂಸನು 1820ರಲ್ಲಿ ಇವನ್ನು ವರ್ಣಿಸಿದನು. ಆದಕಾರಣ ಇವಕ್ಕೆ ವೇಬರನ ಎಲುಬುಗಳೆಂದು ಹೆಸರು. ಇವುಗಳ ಸಹಾಯದಿಂದ ಸಾಮಾನ್ಯ ಗೆಂಡೆಯು ಸೆಕೆಂಡಿಗೆ ಸುಮಾರು 3,000 ಕಂಪನಗಳವರೆಗಿನ ಸದ್ದನ್ನು ಕೇಳಬಲ್ಲದು. ಈ ಎಲುಬಿಲ್ಲದ ಅನೇಕ ಮೀನುಗಳ ಶ್ರವಣ ಕೆಲವು ನೂರು ಕಂಪನಗಳಿಗೇ ಮುಗಿಯುತ್ತದೆ.

ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿಯು ಮೀನಿಗೆ ಕಿವಿ ಕೇಳುತ್ತದೆಂಬುದನ್ನು ಸರಳ ರೀತಿಯಲ್ಲಿ ತೋರಿಸಿದ್ದನು. ಕಣ್ಣಿಲ್ಲದ ಒಂದು ಮೀಸೆ ಮೀನಿಗೆ ಆಹಾರ ಕೊಡುವ ಮೊದಲು ಪ್ರತಿ ಸಲವೂ ಸಿಳ್ಳು ಹಾಕುತ್ತಿದ್ದನು. ಕೆಲವು ದಿನಗಳಾದ ಮೇಲೆ ಸಿಳ್ಳು ಕೇಳಿದೊಡನೆಯೇ ಮೀನು ತನ್ನ ಅಡಗುದಾಣದಿಂದ ಹೊರಬಂದಿತು. ಕಣ್ಣಿಲ್ಲದ್ದರಿಂದ ಅದು ನೋಡಿ ಬಂದಿತೆನ್ನುವಂತಿರಲಿಲ್ಲ. 1923ರಲ್ಲಿ ಆತನು ಈ ಸಂಗತಿಯನ್ನು ಪ್ರಕಟಿಸಿದನು.

ಕರೆದು ಮೇವು ಹಾಕುವ ಕ್ರಮ

ಇದೇ ಪ್ರಯೋಗವನ್ನು ಖಜೂರಿಯ ಯಾವ ರೈತನಾದರೂ ಖರ್ಚಿಲ್ಲದೆ ಮಾಡಬಹುದು. 20 ಮೀಟರ್ ಉದ್ದ, 20 ಮೀಟರ್ ಅಗಲದ ಹೊಂಡವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೆಕ್ಟೇರಿಗೆ 5,000 ಮರಿಗಳ ಲೆಕ್ಕದಲ್ಲಿ ಇದಕ್ಕೆ ಬೆರಳುದ್ದದ 200 ಮರಿಗಳು ಸಾಕು. ಮರಿಗಳು ಸರಾಸರಿ 100 ಗ್ರಾಂ ತೂಗುವಾಗ ಹೊಂಡದಲ್ಲಿ 20 ಕಿಲೋ ಮೀನಿದ್ದಂತಾಯಿತು. ತೂಕದ ಶೇಕಡಾ 2ರಂತೆ ದಿನಕ್ಕೆ 400 ಗ್ರಾಂ ಮೇವು ಬೇಕು. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲಿನಲ್ಲಿ ಬೆರೆಸಿ, ನೀರಿನಲ್ಲಿ ನೆನೆಸಿ ಉಂಡೆ ಮಾಡಿ, ಬುಟ್ಟಿ ಇಲ್ಲವೆ ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡಬೇಕು.

ಮೇವನ್ನು ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಹಾಕಬೇಕು. ಹಾಕುವ ಮೊದಲು ನೀರಿನಲ್ಲಿ ನೆಟ್ಟ ಬಿದಿರಿನ ಗಳಕ್ಕೆ ಕೋಲಿನಿಂದ ನಿಧಾನವಾಗಿ ಹತ್ತು ಸಲ ತಟ್ಟಬೇಕು. ಗಳವು ನೀರಿನೊಳಗೆ ಇರುವುದರಿಂದ ಸದ್ದು ನೇರವಾಗಿ ಒಳಗೆ ಹೋಗುತ್ತದೆ. ದಂಡೆಯ ಮೇಲೆ ನಿಂತು ಕೂಗಿದರೆ ಅದರ ಬಹುಪಾಲು ನೀರಿಗೆ ಇಳಿಯುವುದಿಲ್ಲ. ಕೆಲವು ದಿನಗಳಲ್ಲಿ ಮೀನುಗಳು ತಟ್ಟುವ ಸದ್ದಿಗೇ ಕೂಡಿಕೊಳ್ಳತೊಡಗುತ್ತವೆ.

ಇದರಿಂದ ಆಗುವ ಲಾಭಗಳು ಮೂರು. ಮೊದಲನೆಯದಾಗಿ, ಮೇವು ತಳಕ್ಕೆ ಬಿದ್ದು ಕೊಳೆಯುವುದು ತಪ್ಪುತ್ತದೆ. ಎರಡನೆಯದಾಗಿ, ಮೀನಿನ ಬೆಳವಣಿಗೆ, ಮೈಮೇಲಿನ ಗಾಯ, ರೋಗಗಳನ್ನು ಬಲೆ ಬೀಸದೆ ನೋಡಬಹುದು. ಮೂರನೆಯದೇ ಹೆಚ್ಚಿನದು: ಕರೆದಾಗ ನಿತ್ಯ ಬರುವ ಮೀನು ಒಂದು ದಿನ ಬರದಿದ್ದರೆ ಹೊಂಡದಲ್ಲಿ ಏನೋ ಕೆಟ್ಟಿದೆ ಎಂದು ಅಂದೇ ತಿಳಿಯುತ್ತದೆ. ಆ ದಿನ ಮೇವು ಹಾಕಬಾರದು. ತಿನ್ನದ ಮೇವು ಕೊಳೆತು ನೀರನ್ನು ಇನ್ನಷ್ಟು ಕೆಡಿಸುತ್ತದೆ.

ಬೆಳಗಿನ ಜಾವದ ಸದ್ದು

ಮೀನಿನ ಸದ್ದುಗಳಲ್ಲಿ ಒಂದನ್ನು ಮಾತ್ರ ರೈತನು ಯಾವ ಯಂತ್ರವೂ ಇಲ್ಲದೆ ದಂಡೆಯ ಮೇಲಿಂದಲೇ ಕೇಳಬಹುದು. ಇದನ್ನು ತಪ್ಪಾಗಿ ತಿಳಿದರೆ ವರ್ಷದ ಗಳಿಕೆ ಒಂದೇ ಬೆಳಗಿನಲ್ಲಿ ಹೋಗುತ್ತದೆ.

ಶ್ರಾವಣ ಮಾಸದಲ್ಲಿ ಮೂರು ದಿನ ಮೋಡ ಕವಿದು ಬಿಸಿಲು ಬೀಳದಿದ್ದಾಗ, ಸೆಗಣಿ ಗೊಬ್ಬರ ಹೆಚ್ಚಾಗಿ ಬಿದ್ದು ನೀರು ದಟ್ಟ ಹಸಿರಾದ ಹೊಂಡದಲ್ಲಿ ನಸುಕಿನಲ್ಲಿ ಪಚ್ ಪಚ್ ಎಂಬ ಸದ್ದು ಕೇಳುತ್ತದೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಹೊಸಬನಾದ ರೈತನು ಮೀನು ಚೆನ್ನಾಗಿ ಆಡುತ್ತಿದೆ, ಹಸಿದಿದೆ ಎಂದು ತಿಳಿದು ಇನ್ನೊಂದು ಬುಟ್ಟಿ ಮೇವು ಹಾಕಿ ಹೊಲಕ್ಕೆ ಹೋಗುತ್ತಾನೆ. ತಿರುಗಿ ಬರುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಯಾರೋ ವಿಷ ಹಾಕಿದರೆಂದು ನೆರೆಹೊಲದವನ ಮೇಲೆ ಸಂಶಯಪಟ್ಟು ಊರಲ್ಲಿ ಮನಸ್ತಾಪವೂ ಬೆಳೆಯುತ್ತದೆ.

ಆ ಪಚ್ ಪಚ್ ಎಂಬುದು ಮೀನಿನ ಮಾತಲ್ಲ, ಉಸಿರುಗಟ್ಟಿದ ಸದ್ದು. 30 ಡಿಗ್ರಿ ಉಷ್ಣತೆಯ ನೀರು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ಗೆಂಡೆಗಳ ಒಳ್ಳೆಯ ಬೆಳವಣಿಗೆಗೆ 5 ಮಿಲಿಗ್ರಾಮಿನಷ್ಟಾದರೂ ಇರಬೇಕು. ಹಗಲಿನಲ್ಲಿ ನೀರಿನ ಹಸಿರು ಪಾಚಿ ಬಿಸಿಲಿನಿಂದ ಆಮ್ಲಜನಕವನ್ನು ಕೊಡುತ್ತದೆ. ರಾತ್ರಿ ಅದೇ ಪಾಚಿ, ಮೀನು ಮತ್ತು ಕೊಳೆಯುವ ಗೊಬ್ಬರ ಮೂರೂ ಸೇರಿ ಅದನ್ನು ಬಳಸುತ್ತವೆ. ಬೆಳಗಿನ ಜಾವಕ್ಕೆ ಅದು ಎಲ್ಲಕ್ಕಿಂತ ಕಡಿಮೆಯಾಗುತ್ತದೆ. ಮೋಡದ ದಿನಗಳಲ್ಲಿ ಹಗಲಿನ ಗಳಿಕೆಯೂ ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ಹೀಗೆ ಸಾಲ ಬೆಳೆದು ಮೂರನೆಯ ಅಥವಾ ನಾಲ್ಕನೆಯ ನಸುಕಿನಲ್ಲಿ ಹೊಂಡ ದಿವಾಳಿಯಾಗುತ್ತದೆ.

ಆಟವನ್ನೂ ಉಸಿರುಕಟ್ಟನ್ನೂ ಗುರುತಿಸುವುದು ಕಷ್ಟವಲ್ಲ. ಆರೋಗ್ಯದ ಮೀನು ನೀರಿನಿಂದ ನೆಗೆದು ಥಪ್ಪನೆ ಬಿದ್ದು ಮುಳುಗುತ್ತದೆ. ಮನುಷ್ಯನ ಹೆಜ್ಜೆಗೆ ಒಡನೆ ಆಳಕ್ಕೆ ಓಡುತ್ತದೆ. ಉಸಿರುಗಟ್ಟಿದ ಮೀನು ಹೆಜ್ಜೆಯ ಸದ್ದಿಗೆ ಓಡುವುದಿಲ್ಲ, ಓಡಿದರೂ ಕೂಡಲೆ ಮೇಲೆ ಬರುತ್ತದೆ. ಕೊರವ ಮತ್ತು ಚೇಳು ಮೀನುಗಳು ಗಾಳಿಯನ್ನೇ ಉಸಿರಾಡಬಲ್ಲವು. ಅವು ಒಳ್ಳೆಯ ನೀರಿನಲ್ಲಿಯೂ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ತಳಕ್ಕೆ ಹೋಗುತ್ತವೆ. ಅದಕ್ಕೆ ಅಂಜಬೇಕಾಗಿಲ್ಲ. ಕಟ್ಲ, ರೋಹುಗಳು ಗುಂಪಾಗಿ ಮೇಲೆಯೇ ನಿಂತರೆ ಅಂಜಬೇಕು.

ಇಂಥ ಸಮಯದಲ್ಲಿ ಮೇವು ಮತ್ತು ಗೊಬ್ಬರವನ್ನು ಕೂಡಲೆ ನಿಲ್ಲಿಸಬೇಕು. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ಹನಿಹನಿಯಾಗಿ ಹೊಂಡಕ್ಕೇ ಬೀಳುವಂತೆ ಚಿಮ್ಮಿಸಬೇಕು. ಕೊಳವೆ ಬಾವಿಯ ನೀರು ಬಿಡುವುದಾದರೆ ಅದನ್ನೂ ಕಲ್ಲಿನ ಮೇಲೆ ಸುರಿದು ಸಿಡಿಯುವಂತೆ ಬಿಡಬೇಕು. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದೇ ಇದಕ್ಕೆ ಕಾರಣ. ಕರೆಂಟು ಇಲ್ಲದಿದ್ದರೆ ಇಬ್ಬರು ಸೇರಿ ಬಿದಿರಿನಿಂದ ಮೇಲಿನ ನೀರನ್ನು ಬಡಿಯಬೇಕು. ತಳದ ರಾಡಿಯನ್ನು ಮಾತ್ರ ಕದಡಬಾರದು. ಬಿಸಿಲೇರುವವರೆಗೆ ಇದನ್ನು ಬಿಡದೆ ನಡೆಸಿದರೆ ಮೀನು ಉಳಿಯುವ ಸಂಭವ ಹೆಚ್ಚು.

ಗದ್ದಲ ಮತ್ತು ಸಿಡಿಮದ್ದು

ಚೆನ್ನಾಗಿ ಕೇಳುವ ಪ್ರಾಣಿಗೆ ಗದ್ದಲದ ಕಾಟವೂ ಹೆಚ್ಚು. 2006ರಲ್ಲಿ ಪ್ರಕಟವಾದ ಯುರೋಪಿನ ಒಂದು ಪ್ರಯೋಗದಲ್ಲಿ ಸಾಮಾನ್ಯ ಗೆಂಡೆ ಮತ್ತು ಇತರ ಮೀನುಗಳಿಗೆ ಹಡಗಿನ ಸದ್ದನ್ನು ಅರ್ಧ ತಾಸು ಕೇಳಿಸಿದಾಗ, ಭೀತಿಯ ಸಮಯದಲ್ಲಿ ಸ್ರವಿಸುವ ಹಾರ್ಮೋನು ಹೆಚ್ಚಾಯಿತು. ಏರಿಳಿತವಿಲ್ಲದ ಒಂದೇ ಸಮನಾದ ಸದ್ದಿಗೆ ಹಾಗಾಗಲಿಲ್ಲ. ಇದರಿಂದ ತಿಳಿಯತಕ್ಕದ್ದೇನೆಂದರೆ, ಒಂದೇ ಸಮನೆ ನಡೆಯುವ ಪಂಪಿಗಿಂತ ಆಗಾಗ ಥಟ್ಟನೆ ಎದ್ದು ನಿಲ್ಲುವ ಗದ್ದಲವೇ ಮೀನನ್ನು ಹೆಚ್ಚು ಬೆದರಿಸುತ್ತದೆ. ಡೀಸೆಲ್ ಎಂಜಿನನ್ನು ಹೊಂಡದ ಏರಿಯ ಮೇಲೆಯೇ ಕೂಡಿಸದೆ ಸ್ವಲ್ಪ ದೂರದಲ್ಲಿ, ಕೆಳಗೆ ಹಳೆಯ ಟೈರಿನ ತುಂಡು ಹಾಕಿ ನಿಲ್ಲಿಸುವುದು ಯೋಗ್ಯ. ಮೇವಿನ ಮೂಲೆಯು ಪಂಪಿನ ಎದುರು ದಿಕ್ಕಿನಲ್ಲಿರಲಿ.

ನದಿ, ಹಳ್ಳಗಳ ಮಡುವಿನಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವ ದುಷ್ಟ ಪದ್ಧತಿಯ ಕೇಡೂ ಇಲ್ಲಿಯೇ ತಿಳಿಯುತ್ತದೆ. ಮದ್ದು ಸಿಡಿದಾಗ ನೀರಿನಲ್ಲಿ ಹೊರಡುವ ಒತ್ತಡದ ಅಲೆಗೆ ಮೀನಿನ ಗಾಳಿಚೀಲ ಒಮ್ಮೆಲೆ ಕುಗ್ಗಿ, ಹಿಗ್ಗಿ, ಒಡೆಯುತ್ತದೆ. ಯಾವ ಅಂಗವು ಮೀನಿಗೆ ಡೊಳ್ಳಾಗಿಯೂ ಕಿವಿಯಾಗಿಯೂ ಇತ್ತೋ ಅದೇ ಅದರ ಸಾವಿಗೆ ದಾರಿಯಾಗುತ್ತದೆ. ದೊಡ್ಡ ಮೀನಿನೊಂದಿಗೆ ಮರಿಗಳೂ ಸಾಯುತ್ತವೆ. ಸತ್ತವುಗಳಲ್ಲಿ ಬಹಳಷ್ಟು ತಳಕ್ಕೆ ಮುಳುಗಿ ಯಾರಿಗೂ ಸಿಗದೆ ಕೊಳೆಯುತ್ತವೆ. ಹಿಡಿದವನ ಕೈಕಾಲಿಗೂ ಅಪಾಯ ತಪ್ಪಿದ್ದಲ್ಲ. ನೀರಿನಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಕಾನೂನು ನೂರು ವರ್ಷಕ್ಕೂ ಹಳೆಯದಾದರೂ ಊರಿನವರು ಮನಸ್ಸು ಮಾಡದೆ ಇದು ನಿಲ್ಲುವಂಥದಲ್ಲ. ಜೂನ್‌ನಿಂದ ಮಳೆಯ ಹೊಸ ನೀರು ಹರಿದು ಮೀನು ತತ್ತಿಯಿಡುವ ಕಾಲದಲ್ಲಂತೂ ಒಂದು ಸಿಡಿತವು ಮುಂದಿನ ವರ್ಷದ ಬಿತ್ತನೆಯನ್ನೇ ಸುಟ್ಟಂತೆ.

ಮುಕ್ತಾಯ

ಮೀನು ಸಾಕುವ ರೈತನು ಮುಖ್ಯವಾಗಿ ಗಮನದಲ್ಲಿಡಬೇಕಾದ ಸಂಗತಿಗಳು ಇವು: ಕೈಯಲ್ಲಿ ಕಿರುಗುಟ್ಟುವ ಮೀನಿನ ಮುಳ್ಳಿಗೆ ಜಾಗ್ರತೆ, ಗಳ ತಟ್ಟಿ ಹೊತ್ತಿಗೆ ಸರಿಯಾಗಿ ಮೇವು, ಕರೆದರೂ ಬಾರದ ದಿನ ಮೇವು ಬಂದ್, ನಸುಕಿನ ಪಚ್ ಪಚ್ ಸದ್ದಿಗೆ ಒಡನೆ ಪಂಪು ಚಾಲೂ, ಏರಿಯ ಮೇಲೆ ಗದ್ದಲ ಬೇಡ, ಮಡುವಿಗೆ ಮದ್ದು ಬೇಡವೇ ಬೇಡ. ಹೆಚ್ಚಿನ ಮಾಹಿತಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೂ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು.

ಮಳೆಗಾಲದ ಮೋಡದ ದಿನಗಳಲ್ಲಿ ಮೀನು ಸಾಕಿದವನು ಕೋಳಿ ಕೂಗುವ ಹೊತ್ತಿಗೆ ಎದ್ದು ಒಮ್ಮೆ ಹೊಂಡದ ದಂಡೆಗೆ ಹೋಗಿ, ಎರಡು ನಿಮಿಷ ಮಾತಾಡದೆ ನಿಂತು ಕೇಳಬೇಕು. ಏನೂ ಕೇಳಿಸದಿದ್ದರೆ ನೆಮ್ಮದಿಯಿಂದ ಮನೆಗೆ ಬರಬಹುದು.